ರತ್ನವ್ವನ ಮೂರು ಗೈರುಹಾಜರಿ

೧೯೩೮ನೆಯ ಇಸವಿ, ಆಗಸ್ಟ್ ೧೪, ರವಿವಾರ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಪುಣೆಯ ದಂಡುಪ್ರದೇಶವಾದ ಲಷ್ಕರಿನ ನಮ್ಮ ಓಣಿಯಲ್ಲಿ ಯಾರೋ ಕೊತ್ತಂಬರಿ ಬೀಜ ಹುರಿಯುತ್ತಿದ್ದಾರೆ. ಆರಾಧನೆ ಮುಗಿಸಿ ಬಂದ ಹಸಿವಿಗೆ ಇದಕ್ಕಿಂತ ಒಳ್ಳೆಯ ವಾಸನೆ ಬೇಕೆ ಎಂದು ನೀವು ಕೇಳಬಹುದು. ನನಗಿಂದು ಅನ್ನ ಸೇರಲಿಲ್ಲ. ನಮ್ಮ ಕನ್ನಡ ಕ್ರೈಸ್ತ ಸಭೆಯ ಹಿರಿಯರು ಬೆಳಗ್ಗೆ ಬೈಬಲಿನ ಪ್ರವಾದಿಗಳ ಒಂದು ಭಾಗ ಓದಿದರು. ಕುರಿಗಳನ್ನು ಹಸಿವಿನಲ್ಲಿಟ್ಟು ತಾವು ಕೊಬ್ಬಿದ ಕುರುಬರನ್ನು ದೇವರು ನಿಲ್ಲಿಸಿ ಕೇಳುವ ಭಾಗ. ಓದಿ, ಕನ್ನಡಕ ಒರೆಸಿಕೊಂಡು, "ಇದು ಆಗಿನ ಅರಸರಿಗೆ ಹೇಳಿದ್ದು" ಎಂದರು. ನಾನು ಹಲ್ಲು ಕಡಿದೆ.

ನನಗೆ ದಿನಚರಿಯ ಹುಚ್ಚು. ಎಷ್ಟು ಹಾಡು ಹಾಡಿದರು, ಬೋಧನೆ ಎಷ್ಟು ನಿಮಿಷ, ಎಷ್ಟು ಜನ ತೂಕಡಿಸಿದರು, ಎಲ್ಲಕ್ಕೂ ಗೀಟು ಹಾಕುತ್ತೇನೆ. (ತೂಕಡಿಸಿದವರು ಅತಿ ಹೆಚ್ಚೆಂದರೆ ಹನ್ನೊಂದು ಜನ, ನನ್ನನ್ನೂ ಸೇರಿಸಿ.) ಇದನ್ನು ಕಂಡೇ ಹಿರಿಯರು ನಾಲ್ಕು ವರ್ಷದ ಹಿಂದೆ ಹಾಜರಿ ಪುಸ್ತಕವನ್ನು ನನ್ನ ಕೈಗಿತ್ತರು. ನನಗಾಗ ಹದಿನೆಂಟು, ಪಟ್ಟಾಭಿಷೇಕವಾದಷ್ಟು ಹಿಗ್ಗಿದೆ. ನಮ್ಮ ಕಟ್ಟಳೆ ಬಿಗಿಯಾದದ್ದು. ಕಾರಣವಿಲ್ಲದೆ ಸಾಲಾಗಿ ಮೂರು ರವಿವಾರ ತಪ್ಪಿಸಿದವರು ಹಿಂದಿನ ಬೆಂಚಿಗೆ ಹೋಗಬೇಕು. ಎಲ್ಲರ ಮುಂದೆ ಎದ್ದು ತಪ್ಪೊಪ್ಪಿಕೊಳ್ಳುವ ತನಕ ಅವರಿಗೆ ಕರ್ತನ ಭೋಜನದ ರೊಟ್ಟಿಯಿಲ್ಲ.

ರತ್ನವ್ವ ಹಿರಿಯರ ಮನೆಯ ಅಡಿಗೆಯವಳು, ಬೆಟಗೇರಿ ಕಡೆಯ ವಿಧವೆ. ಓದು ಕಲಿತದ್ದು ತಡವಾಗಿ. ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಯಾವಾಗಲೂ ಪ್ರವಾದಿಗಳನ್ನೇ.

"ಸಮಾಧಾನದ ಮಾತು ಓದಬಾರದೇನ, ಚಿಗವ್ವ?" ಎಂದು ಒಮ್ಮೆ ಕೇಳಿದೆ.

"ಅದನ್ನ ಹೊಟ್ಟಿ ತುಂಬ ಉಂಡವರು ಓದಲಿ, ತಮ್ಮಾ. ನನಗ ಬೈಯೋ ದೇವರ ಭಾಳ ಸೇರ್ತಾನ. ದೊಡ್ಡವರಿಗೆ ಬೈಯೋರು ಮತ್ತ್ಯಾರದಾರ?"

ಪುಸ್ತಕ ನನ್ನ ಕೈಗೆ ಬಂದ ಆ ವರ್ಷವೇ ಜುಲೈ ೮, ೧೫, ೨೨, ಮೂರೂ ರವಿವಾರ ಆಕೆ ಬರಲಿಲ್ಲ. ಮೂರು ಸೊನ್ನೆ ಹಾಕಿದೆ, ದುಂಡಗೆ. ಮುಂದಿನ ಕರ್ತನ ಭೋಜನದ ದಿನ ಆಕೆಯನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿದರು.

"ತಪ್ಪಾತು ಅನ್ನು, ಮುಗೀತು" ಎಂದರು ಹಿರಿಯರು.

"ಯಾವ ತಪ್ಪರಿ, ಸಾಹೇಬ್ರ? ಮೂರೂ ಐತವಾರ ನಿಮ್ಮ ಬೀಗರಿಗೆ ಅಡಿಗಿ ಮಾಡಿದಾಕಿ ನಾನು. ಪ್ರಾರ್ಥನಾಕ್ಕ ಹೋಗಿ ಬರ್ತೀನ್ರಿ ಅಂದ್ರ, ಒಲಿ ನಿಮ್ಮಪ್ಪ ನೋಡ್ತಾನೇನು ಅಂದವರು ನೀವು."

"ಮನಿ ಮಾತು ಇಲ್ಲಿ ಬ್ಯಾಡ." ಹಿರಿಯರು ನನ್ನ ಕಡೆ ತಿರುಗಿದರು. "ಪುಸ್ತಕ ಏನಂತದಪಾ?"

ಓದುಗರೇ, ಜುಲೈ ೧೫ರಂದು ನಾನೂ ಆ ಮನೆಯಲ್ಲಿ ಉಂಡಿದ್ದೆ. ದಿನಚರಿಯಲ್ಲಿದೆ: 'ಕೋಳಿ ಸಾರು. ಎರಡು ಸಲ ಹಾಕಿಸಿಕೊಂಡೆ.' ಹಾಕಿದವಳು ರತ್ನವ್ವ. ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಇಷ್ಟೇ: "ಮೂರು ಗೈರುಹಾಜರಿ ಅದಾವ್ರಿ."

ಆಕೆ ನನ್ನನ್ನು ನೋಡಿದಳು. "ನೀ ಬರೆದದ್ದು ಖರೇ ಅದ, ತಮ್ಮಾ" ಎಂದು ಕುಳಿತಳು. ತಪ್ಪೊಪ್ಪಲಿಲ್ಲ. ರೊಟ್ಟಿಯ ತಟ್ಟೆ ಹಿಂದಿನ ಬೆಂಚಿನ ತನಕ ಹೋಗಿ ಆಕೆಯನ್ನು ಬಿಟ್ಟು ತಿರುಗಿತು. ತಟ್ಟೆ ಹಿಡಿದದ್ದು ಹಿರಿಯರ ಕೈ. ಮುಂದಿನ ವಾರ ಆಕೆ ಕೆಲಸ ಬಿಟ್ಟು, ಪುಣೆಯನ್ನೂ ಬಿಟ್ಟು ಹೋದಳು.

ದೇವರು ನೋಡಿಕೊಳ್ಳುತ್ತಾನೆ ಎಂದು ನಾಲ್ಕು ವರ್ಷ ಕಾದೆ. ಹಿರಿಯರಿಗೆ ಬಂದದ್ದು ನೌಕರಿಯಲ್ಲಿ ಬಡ್ತಿ. ಆದರೆ ದೇವರು ನೋಡಿಕೊಳ್ಳಲೆಂದು ಯಾವ ಪ್ರವಾದಿ ಸುಮ್ಮನೆ ಕುಳಿತಿದ್ದ? ಅರಸನ ಅಂಗಳಕ್ಕೇ ಹೋಗಿ ಮುಖದ ಮೇಲೆ ಹೇಳಿದರಲ್ಲ! ಇಂದು ಆರಾಧನೆ ಮುಗಿದೊಡನೆ ಬಾಗಿಲಲ್ಲಿ ಹಿರಿಯರನ್ನು ತಡೆದೆ.

"ನೀವು ಮುಂಜಾನೆ ಓದಿದ್ದು ಅರಸರಿಗಲ್ಲರಿ, ನಿಮಗ ಹೇಳಿದ್ದು. ರತ್ನವ್ವನ ವಿಷಯದಾಗ."

ಅವರು ನನ್ನ ಬೆನ್ನು ತಟ್ಟಿದರು. "ಹಸದೀಯಪಾ. ನಡೀ ಮನಿಗೆ, ಉಂಡು ಮಾತಾಡೋಣು."

ಹಾಜರಿ ಪುಸ್ತಕವನ್ನು ಅವರ ಕೈಗೆ ತುರುಕಿ ಬಂದೆ. ಆ ಮೂರು ಸೊನ್ನೆಗಳ ಪಕ್ಕದಲ್ಲಿ, ಆಕೆ ಯಾರ ಒಲೆಯ ಮುಂದೆ ಇದ್ದಳು, ಯಾರು ಉಂಡರು ಎಂದು ಕೊಡುವ ಮೊದಲೇ ಬರೆದಿದ್ದೇನೆ. ಉಂಡವರಲ್ಲಿ ನನ್ನ ಹೆಸರು ಮೊದಲು.

ರತ್ನವ್ವ ಬೆಟಗೇರಿಗೆ ಹೋದಳೆಂದು ಕೆಲವರು, ಹುಬ್ಬಳ್ಳಿಗೆಂದು ಕೆಲವರು ಹೇಳುತ್ತಾರೆ. ಬೆರಳಿಟ್ಟು ಪ್ರವಾದಿಗಳನ್ನು ಓದುವ ಮುದುಕಿಯನ್ನು ನಿಮ್ಮೂರ ಸಭೆಯಲ್ಲಿ ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿರಿ. ಆಕೆಗೆ ಏನೂ ಹೇಳಬೇಡಿರಿ. ನಾನೇ ಬಂದು, ನಿಮ್ಮೆಲ್ಲರ ಮುಂದೆ ಎದ್ದು ನಿಂತು ಹೇಳುವುದಿದೆ.