ಕೌದಿಯೊಳಗಿನ ಮೀನು

ನಾಳೆ ರಾತ್ರಿ ಹಿಮ ಬೀಳುತ್ತದೆಂದು ಫೋನು ಎಚ್ಚರಿಸಿತು. ಹಿಮ ಕರಗಲೆಂದು ಮನೆಮುಂದಿನ ಡ್ರೈವ್‌ವೇಗೆ ಚೆಲ್ಲುವ ಉಪ್ಪಿನ ಚೀಲ ಹುಡುಕಲು ಗ್ಯಾರೇಜಿಗೆ ಹೋದವನ ಕೈಗೆ ಸಿಕ್ಕಿದ್ದು ಉಪ್ಪಲ್ಲ, ಒಂದು ಕೌದಿ. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ, ಬಾಗಲಕೋಟೆ ಕಡೆಯ ದಪ್ಪ ಕೌದಿ. ಮಡಿಕೆ ಬಿಚ್ಚಿದರೆ ಕೆರೆಯ ಕೆಸರಿನ ವಾಸನೆ, ಅದರ ಹಿಂದೆಯೇ ಎಂದೋ ಚೆಲ್ಲಿದ ಶುಂಠಿ ಚಹಾದ್ದು. "ಅಪ್ಪಾ, ವಾಟ್ ಈಸ್ ದಟ್ ಸ್ಮೆಲ್?" ಎಂದು ಮಗಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಅದನ್ನು ಮೂಗಿಗೆ ಹಿಡಿದುಕೊಂಡೇ ನಿಂತೆ.

ಈ ಕೌದಿ ಗಂಗಾ ಆಂಟಿಯದು. ನ್ಯೂಜರ್ಸಿಯ ನಮ್ಮ ಬಾಸ್ಕಿಂಗ್ ರಿಡ್ಜ್ ಊರಿನ ಈ ಆಂಟಿ ನಿವೃತ್ತಿಯಾಗುವವರೆಗೂ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಡಾಕ್ಟರು. ಮಬ್ಬು ಪರದೆಯಲ್ಲಿ ಕೂಸಿನ ಮೂಗೆಲ್ಲಿ, ಕಾಲೆಲ್ಲಿ ಎಂದು ಬಸುರಿಯರಿಗೆ ತೋರಿಸುತ್ತಿದ್ದವರು. ಅಪ್ಪಟ ಸಸ್ಯಾಹಾರಿ. ಅವರ ಗಂಡ ವಸಂತ ಅಂಕಲ್ ಕುಮಟೆಯವರು, ಮೀನಿಲ್ಲದ ಊಟವನ್ನು ಊಟವೆಂದೇ ಒಪ್ಪದವರು. ಈ ಮದುವೆ ಹೇಗಾಯಿತೆಂದು ನನ್ನನ್ನು ಕೇಳಬೇಡಿ. ಅದು ಮುರಿಯದೆ ಉಳಿದದ್ದಂತೂ ಒಂದು ಒಪ್ಪಂದದ ಮೇಲೆ. ಮೀನು ಹಿತ್ತಲಿನ ಗ್ರಿಲ್ ಒಲೆ ದಾಟಿ ಅಡುಗೆಮನೆಗೆ ಬರುವಂತಿಲ್ಲ. ಚಳಿಗಾಲ ಬಂತೆಂದರೆ ಅಂಕಲ್ ಉತ್ತರ ಜರ್ಸಿಯ ಹೆಪ್ಪುಗಟ್ಟಿದ ಕೆರೆಯೊಂದರ ಮೇಲೆ ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಿದ್ದರು.

ನಾನು ದಾವಣಗೆರೆಯವನು. ನನಗೆ ಐಸ್ ಎಂದರೆ ಕಬ್ಬಿನಹಾಲಿನ ಅಂಗಡಿಯವನು ಗೋಣಿತಟ್ಟಿನಲ್ಲಿ ಸುತ್ತಿಟ್ಟ ಗಡ್ಡೆ. ಅದರ ಮೇಲೆ ಜನ ಕುರ್ಚಿ ಹಾಕಿಕೊಂಡು ಕೂರುತ್ತಾರೆಂದರೆ ನಂಬುವುದು ಹೇಗೆ? ಮೊದಲ ಸಲ ಹೋದಾಗ ಕಾಲ ಕೆಳಗೆ ಟಣ್ ಎಂದದ್ದೇ ತಡ, ನಾನು ದಡದಲ್ಲಿದ್ದೆ. "ಹೆದರಬೇಡ ಮಾರಾಯಾ, ಐಸು ಗಟ್ಟಿಯಿದ್ರೂ ಮಾತಾಡ್ತದೆ" ಎಂದು ಅಂಕಲ್ ನಕ್ಕರು. ಮತ್ತೆ ಹೋದದ್ದು ಧೈರ್ಯ ಬಂದು ಅಲ್ಲ, ಮೀನಿನ ಆಸೆಗೆ. ಹಿಡಿದ ಮೀನಿಗೆ ಹಚ್ಚಿ ಹುರಿಯಲೆಂದು, ಜೇಬಿನಲ್ಲಿ ರವೆಗೆ ಖಾರದಪುಡಿ ಬೆರೆಸಿದ ಪೊಟ್ಟಣ ಸದಾ ಸಿದ್ಧವಿರುತ್ತಿತ್ತು.

ಆಮೇಲೆ ಅಂಕಲ್ ಕಣ್ಣು ಮಸುಕಾಗತೊಡಗಿತು. ಇದು ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಅಂಕಲ್ ಕಾರು ಬಿಟ್ಟರು, ಪೇಪರು ಬಿಟ್ಟರು. ಗಾಳದ ಕೋಲಿನ ತುದಿ ಅಲುಗುವುದು ಕಾಣದಾದ ಮೇಲೆ ಕೆರೆಯನ್ನೂ ಬಿಟ್ಟು, ಮಾತು ಬಿಟ್ಟು, ಕಿಟಕಿಯ ಮುಂದೆ ಕೂತರು. ಆಂಟಿಗೆ ಅದನ್ನು ನೋಡಲಾಗಲಿಲ್ಲ. ಒಂದು ದಿನ ನೀರಿನೊಳಗೆ ಇಳಿಬಿಡುವ ಕ್ಯಾಮೆರಾ ತರಿಸಿದರು. ಉದ್ದನೆಯ ಕೇಬಲ್ಲಿನ ತುದಿಗೆ ಮುಷ್ಟಿಯಷ್ಟು ಕ್ಯಾಮೆರಾ, ಮೇಲೆ ನೋಡಲು ಪುಟ್ಟ ಪರದೆ. "ನೀವು ಹಿಡೀರಿ, ನಾ ನೋಡಿ ಹೇಳ್ತೀನಿ. ಕಣ್ಣು ಮಂಜಾತಂತ ಕೆರಿ ಯಾಕ ಬಿಡಬೇಕು?" ಎಂದರು. ಮೀನು ಮುಟ್ಟಿದ ತಟ್ಟೆಯನ್ನೇ ಬೇರೆ ಇಡುವ ಹೆಂಗಸು! ಆ ದಿನವೇ ನಾನು ಮನಸ್ಸಿನಲ್ಲಿ ಅವರಿಗೆ ಅಡ್ಡಬಿದ್ದೆ.

ಬೈರಿಗೆ ಹಿಡಿದು ಎರಡು ತೂತು ಕೊರೆಯುವುದು ನನ್ನ ಕೆಲಸ. ಒಂದು ಗಾಳಕ್ಕೆ, ಪಕ್ಕದ್ದು ಕ್ಯಾಮೆರಾಕ್ಕೆ. ಹಿಮದ ಬಿಳುಪಿನಲ್ಲಿ ಪರದೆ ಕಾಣುವುದಿಲ್ಲವೆಂದು ಆಂಟಿ ಪರದೆಯ ಸಮೇತ ಕೌದಿಯ ಮುಸುಕು ಹಾಕಿಕೊಳ್ಳುತ್ತಿದ್ದರು. ಸುತ್ತಲಿನ ಅಮೆರಿಕನ್ನರ ಪಾಲಿಗೆ ಕೆರೆಯ ನಡುವೆ ಬಣ್ಣಬಣ್ಣದ ಗುಡ್ಡೆಯೊಂದು ಕೂತು ಕನ್ನಡ ಮಾತಾಡುತ್ತಿತ್ತು. "ಹುಲಿಪಟ್ಟಿ ಇದ್ದದ್ದು ಒಂದು ಬಂತ್ ನೋಡ್ರಿ. ಹಂಗ ಇರ್ರಿ, ಅಲ್ಲಾಡಬ್ಯಾಡ್ರಿ. ಮೂಸಿ ನೋಡಾಕತ್ತೇತಿ... ಹಿಂದ ಸರೀತು... ಮತ್ತ ಬಂತು... ಈಗ! ಎಳೀರಿ!" ಅಂಕಲ್ ಎಳೆಯುತ್ತಿದ್ದರು. ಬರೀ ಗಾಳ. "ತಪ್ಪಿಸ್ಕೊಂಡ್ತು ಮಾರಾಯ್ತಿ!" ಎನ್ನುವಾಗ ಅವರ ಮುಖದ ತುಂಬ ನಗು. ಚಳಿಗಾಲವಿಡೀ ಹೀಗೇ ಬರಿಗೈ. ನನ್ನ ರವೆ ಕೆರೆ ನೋಡಿಕೊಂಡು ಮನೆಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ಚಳಿಗೆ ಹಲ್ಲು ಕಟಕಟಿಸುತ್ತಿದ್ದ ನನ್ನನ್ನು ಆಂಟಿ ಕೌದಿಯೊಳಗೆ ಕರೆದರು. ಒಳಗೆ ಕತ್ತಲು, ಶುಂಠಿ ಚಹಾದ ಹಬೆ, ಬೂದು ಪರದೆ. ಬಾಗಿದ ನೀರುಗಿಡಗಳ ನಡುವಿನಿಂದ ಪಟ್ಟೆಪಟ್ಟೆಯ ದೊಡ್ಡ ಮೀನೊಂದು ಬಂದು ನಮ್ಮನ್ನೇ ದಿಟ್ಟಿಸಿತು. ಗಾಳದಲ್ಲಿ, ತಟ್ಟೆಯಲ್ಲಲ್ಲದೆ ಮೀನಿನ ಮುಖವನ್ನು ಅದುವರೆಗೆ ನಾನು ನೋಡಿರಲೇ ಇಲ್ಲ. ಅದು ಗಾಳದ ಹುಳವನ್ನು ಬಾಯೊಳಗೆ ಎಳೆದುಕೊಂಡಿತು. ಆಂಟಿ ಸುಮ್ಮನಿದ್ದರು. ಮೀನು ಚಪ್ಪರಿಸಿತು, ಉಗುಳಿತು, ಬಾಲ ತಿರುಗಿಸಿ ಹೊರಟಿತು. ಆಗ "ಈಗ! ಎಳೀರಿ!" ಎಂದು ಕೂಗಿದ ಆಂಟಿ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ಹಿಂತಿರುಗುವಾಗ ಆಂಟಿ ಮುಂದೆ ಹೋಗಿದ್ದರು. ಅಂಕಲ್ ನನ್ನ ಹೆಗಲು ಹಿಡಿದು ನಡೆಯುತ್ತಿದ್ದರು. ಕಂಡದ್ದನ್ನು ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗ ಅವರೇ ಕೇಳಿದರು. "ಇವತ್ತಿಂದು ದೊಡ್ಡದಿತ್ತು, ಅಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು ಅಂಕಲ್?"

"ಕಣ್ಣು ಹೋದ್ರೆ ಬೆರಳೂ ಹೋಗ್ತದಾ? ಮೀನು ಬಾಯಿ ಹಾಕಿದ್ದು ದಾರದಲ್ಲೇ ತಿಳೀತದೆ."

"ಮತ್ತೆ ಆಗಲೇ ಎಳೀಬಾರ್ದಾ?"

"ಒಂದು ಎಳೆದೆ ಅಂತಿಟ್ಕೋ. ಅದು ಐಸಿನ ಮೇಲೆ ಒದ್ದಾಡೂದು ನೋಡಿ ಅವಳು ನಾಳೆ ಬರ್ತಾಳಾ? ಮೀನು ಎಂತ, ಅಂಗಡೀಲಿ ಸಿಗ್ತದೆ. ಅವಳು ಹೇಳ್ತಾ ಹೋದ್ರೆ ನನಗೆ ಕೆರೆಯ ತಳ ಎಲ್ಲಾ ಕಾಣ್ತದೆ, ಮಾರಾಯಾ."

ಗಂಡ ಹೆಂಡತಿಯರ ನಡುವೆ ಏನೇನೋ ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು ಎನ್ನಿ.

ಮುಂದಿನ ಚಳಿಗಾಲಗಳಲ್ಲಿ ಕೆರೆ ಸರಿಯಾಗಿ ಹೆಪ್ಪುಗಟ್ಟಲೇ ಇಲ್ಲ. ಒಣಗಿಸಲೆಂದು ತಂದಿದ್ದ ಕೌದಿ ನನ್ನ ಗ್ಯಾರೇಜಿನಲ್ಲೇ ಉಳಿಯಿತು. ಅಂಕಲ್‌ಗೆ ಈಗ ಬೆಳಕು, ನೆರಳು ಮಾತ್ರ ತಿಳಿಯುತ್ತದೆ. ಕೌದಿ ಹೆಗಲಿಗೆ ಹಾಕಿಕೊಂಡೇ ಆಂಟಿಗೆ ಫೋನ್ ಮಾಡಿದೆ.

"ಛಲೋ ಆತು ನೀನ ಮಾಡಿದ್ದು. ಈ ವರ್ಷ ಐಸ್ ಗಟ್ಟಿ ಆಗೇತಂತ, ಅವರು ನಾಳೆನ ಹೋಗೂಣು ಅಂತ ಕುಂತಾರ. ನಂದು ಕಣ್ಣಿನ ಆಪರೇಷನ್ ಆಗೇತಪಾ, ಬಗ್ಗಿ ನೋಡಬ್ಯಾಡ ಅಂದಾರ. ಈ ಸಲ ಕೌದಿಯೊಳಗ ನೀ ಕುಂದ್ರು, ನಾ ಬಾಜೂಕ ಕುರ್ಚ್ಯಾಗ ಇರ್ತೀನಿ. ಅವರಿಗೆ ಎಲ್ಲಾ ಬಿಡಿಸಿ ಹೇಳು." ಆಮೇಲೆ ದನಿ ತಗ್ಗಿಸಿದರು. "ಲಗೂನ ಕೂಗಬ್ಯಾಡ ಮತ್ತ."

"ಇಲ್ಲ ಆಂಟಿ" ಎಂದೆ.

ಅಡುಗೆಮನೆಗೆ ಬಂದು ಅಭ್ಯಾಸಬಲದಿಂದ ರವೆಯ ಡಬ್ಬ ತೆಗೆದೆ. ಖಾರದಪುಡಿಯ ಕಡೆ ಹೋದ ಕೈ ಅಲ್ಲೇ ನಿಂತಿತು. ಬಾಣಲೆ ಒಲೆಯ ಮೇಲಿಟ್ಟು, ನಾಳೆ ಬೆಳಿಗ್ಗೆ ಕೆರೆಯ ಮೇಲೆ ನಮ್ಮ ಮೂವರಿಗೆ ಉಪ್ಪಿಟ್ಟಿಗಾಗುವಷ್ಟು ರವೆ ಹುರಿಯತೊಡಗಿದೆ.