ಪರದೆಯ ಹಿಂದಿ, ದ್ರೌಪತಿಯ ಕನ್ನಡ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಮೊದಲ ಚಹಾ ಕುದಿಯುವ ಹೊತ್ತಿಗೆ ದ್ರೌಪತಿ ಟೂರಿಂಗ್ ಟಾಕೀಸಿನ ಡೇರೆಯೊಳಗೆ ಬಗ್ಗಿ ಕಸ ಗುಡಿಸುತ್ತಿದ್ದಾರೆ. ಶೇಂಗಾ ಸಿಪ್ಪೆ, ಬೀಡಿ ತುಂಡು, ಯಾವುದೋ ಕೂಸಿನ ಒಂದು ಕಾಲ್ಗೆಜ್ಜೆ. ಗೆಜ್ಜೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ನಾಲ್ಕು ಕೊಡ ನೀರು ಚಿಮುಕಿಸಿ ಧೂಳು ಅಡಗಿಸುತ್ತಾರೆ. ಇದು ಅವರ ಸಂಬಳದ ಕೆಲಸ. ನಾನು ನೋಡಲು ಬಂದಿರುವುದು ಸಂಬಳವಿಲ್ಲದ ಇನ್ನೊಂದನ್ನು.

ಸಂಜೆ ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿದು ಮುಗಿದ ಮೇಲೆ ಅವರು ತಟ್ಟಿಗೆ ಒರಗಿ ನಿಲ್ಲುತ್ತಾರೆ. ಪರದೆಯ ಮೇಲೆ ಹಿಂದಿ ಶುರುವಾದರೆ ಇವರ ಬಾಯಲ್ಲಿ ಕನ್ನಡ ಶುರು. ದಿನಕ್ಕೆ ಎರಡು ಆಟ, ಆಟಕ್ಕೆ ಎಂಬತ್ತು ತೊಂಬತ್ತು ಹೆಂಗಸರು, ಭಾನುವಾರ ಇನ್ನೂರು. ಹನ್ನೊಂದು ವರ್ಷದಿಂದ ಇದೇ ನಡೆದಿದೆ. ಗಂಡಸರ ಕಡೆಯಿಂದ ಯಾರಾದರೂ ಬಾಯಿ ಮುಚ್ಚು ಎಂದರೆ ಹೆಂಗಸರೆಲ್ಲ ಒಟ್ಟಾಗಿ ಅವನ ಮೇಲೆ ಮುಗಿಬೀಳುತ್ತಾರೆ.

ಈ ಸೀಮೆ ಕರ್ನಾಟಕಕ್ಕೆ ಸೇರಿದ ಐವತ್ತಾರರಲ್ಲಿ ದ್ರೌಪತಿಗೆ ಹತ್ತು ವರ್ಷ, ಈಗ ಮೂವತ್ಮೂರು. ಶಾಲೆಯ ಮುಖ ಕಂಡವರಲ್ಲ. "ಬಸವಕಲ್ಯಾಣದಾಗ ಸುಗ್ರಾಬಿಯವರ ಮನ್ಯಾಗ ಭಾಂಡೆ ತಿಕ್ಕತಿದ್ದೆ. ಬೈಯೋದೂ ಉರ್ದುದಾಗ, ಉಣ್ಣಾಕ ಕರಿಯೋದೂ ಉರ್ದುದಾಗ. ಹಂಗ ಬಂತ್ರಿ ನನಗ" ಎನ್ನುತ್ತಾರೆ. ಗಂಡ ದೇವಿದಾಸ ಗೋಡೆಗೆ ಪೋಸ್ಟರು ಅಂಟಿಸುತ್ತಿದ್ದವರು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಟಾಕೀಸಿನ ಮಾಲೀಕರು ಹೆಂಗಸರ ಬಾಗಿಲನ್ನು ದ್ರೌಪತಿಗೆ ಒಪ್ಪಿಸಿದರು.

ಹನ್ನೊಂದು ವರ್ಷದಲ್ಲಿ ಅವರನ್ನು ನಿದ್ದೆಗೆಡಿಸಿದ್ದು ಒಂದೇ ಸಿನಿಮಾ. ಕಳೆದ ಶ್ರಾವಣದಲ್ಲಿ ಬಂದ ಪತ್ತೇದಾರಿ ಚಿತ್ರ. ಅದರಲ್ಲೊಬ್ಬ ಮೆದು ಮಾತಿನ ಮಾಸ್ತರಿಣಿ, ಅವಳದೇ ಮುಖದ ಇನ್ನೊಬ್ಬ ಕೊಲೆಗಾತಿ. ದ್ರೌಪತಿಯೂ ಮೊದಲ ಆಟದಲ್ಲೇ ಮೊದಲ ಸಲ ನೋಡುವವರು, ಮುಂದೇನೆಂದು ಅವರಿಗೂ ಗೊತ್ತಿರುವುದಿಲ್ಲ. ಇಬ್ಬರೂ ಅವಳಿ ಅಕ್ಕತಂಗಿಯರು ಎಂದು ಮಧ್ಯಂತರಕ್ಕೆ ಮೊದಲೇ ಹೇಳಿಬಿಟ್ಟರು. ಅವರ ತಪ್ಪಲ್ಲ, ಒಂದು ಮುಖ ಎರಡಾದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಕೊನೆಯಲ್ಲಿ ಕನ್ನಡಕದ ಡಾಕ್ಟರೊಬ್ಬ ಬಂದು ಇಬ್ಬರೂ ಒಬ್ಬಳೇ, ಒಂದೇ ಮನಸ್ಸು ಒಡೆದು ಎರಡಾಗಿದೆ, ಒಬ್ಬಳು ಮಾಡಿದ್ದು ಇನ್ನೊಬ್ಬಳಿಗೆ ತಿಳಿಯುವುದಿಲ್ಲ ಎಂದು ಪರದೆಯ ಮೇಲೆ ಭಾಷಣ ಬಿಗಿದ.

"ಆ ಮಾತಿಗೆ ನನ್ನ ಕಡೆ ಕನ್ನಡಾನೇ ಇರ್ಲಿಲ್ರಿ. ಎಲ್ಲಾರೂ ನನ್ನ ಮಾರಿನೇ ನೋಡಾಕತ್ತಿದ್ರು. ದೇವಿ ಮೈಮ್ಯಾಗ ಬರ್ತಾಳಲ್ಲ, ಹಂಗ, ಅಂದುಬಿಟ್ಟೆ."

ಡೇರೆಗೆ ಡೇರೆಯೇ ತಲೆದೂಗಿತು. ಎಲ್ಲರಿಗೂ ಅರ್ಥವಾಯಿತು, ಅದೇ ಎಡವಟ್ಟಾಯಿತು. ಅಂದು ಹೆಂಗಸರ ಸಾಲಿನಲ್ಲಿ ಹುಡಗಿ ಎಂಬ ಹತ್ತಿರದ ಊರಿನ ತುಳಜಾಬಾಯಿ ಕೂತಿದ್ದರು. ಅವರ ಸೊಸೆ ಮೀರಾಬಾಯಿಯ ಮೈಮೇಲೆ ಎರಡು ವರ್ಷದಿಂದ ಮಂಗಳವಾರ ದೇವಿ ಬರುತ್ತಾಳೆ. ದನಿ ಬದಲಾಗುತ್ತದೆ, ಹೆಸರು ಬೇರೆ ಹೇಳುತ್ತಾಳೆ, ಇಳಿದ ಮೇಲೆ ಏನೂ ನೆನಪಿರುವುದಿಲ್ಲ. ಓಣಿಯವರು ಕಾಯಿ ಒಡೆಸಿಕೊಂಡು ಹೋಗುತ್ತಿದ್ದರು. ಸಿನಿಮಾ ನೋಡಿ ಬಂದ ಮರುದಿನ ಅತ್ತೆ ಮನೆಯ ಕುಡುಗೋಲನ್ನೆಲ್ಲ ಅಡಗಿಸಿಟ್ಟರು. ಮೊಮ್ಮಗಳನ್ನು ತಮ್ಮ ಮಗ್ಗುಲಿಗೆ ಹಾಕಿಕೊಂಡರು. ಮಂಗಳವಾರ ನಸುಕಿನಲ್ಲೇ ಸೊಸೆಯನ್ನು ಮೇವಿನ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕತೊಡಗಿದರು.

ಸಂತೆಗೆ ಬಂದ ಅದೇ ಓಣಿಯ ಕಮಳಾಬಾಯಿಯಿಂದ ಸುದ್ದಿ ತಿಳಿದು ದ್ರೌಪತಿ ದವಾಖಾನೆಗೆ ಓಡಿದರು. ಅಲ್ಲಿನ ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಅಂಥಾ ರೋಗಿನ್ನ ನಾ ಕಣ್ಣಿಲೆ ಕಂಡಿಲ್ಲಮ್ಮ. ನಾನೂ ನೋಡಿದ್ದು ಅದೇ ಸಿನಿಮಾದಾಗ" ಎಂದರಂತೆ. ದೇವಿ ಬರುವುದೂ ಆ ರೋಗವೂ ಒಂದೆಯೋ ಬೇರೆಯೋ, ಅದನ್ನೂ ಅವರು ಹೇಳಲಾರದೆ ಹೋದರು. ನಾನೂ ನಾಲ್ಕು ಜನ ತಿಳಿದವರನ್ನು ಕೇಳಿದೆ, ಐದು ಉತ್ತರ ಸಿಕ್ಕವು. ತಲೆ ಚಿಟ್ಟು ಹಿಡಿದದ್ದೇ ಲಾಭ.

ಕೊನೆಗೆ ದ್ರೌಪತಿ ಬಸ್ಸು ಹತ್ತಿ ಹುಡಗಿ ಊರಿಗೇ ಹೋದರು. ಅಂದು ಮಂಗಳವಾರ. ಚಿಲಕ ಹಾಕಿದ ಕೋಣೆಯೊಳಗಿನಿಂದ ಮೀರಾಬಾಯಿ ಕೇಳಿದ್ದು ಒಂದೇ ಮಾತು: "ಅಕ್ಕಾ, ನಾ ಯಾರ್ನ ಕೊಂದೇನಿ?"

"ಅವ್ವಾರ, ಅದು ಬರೇ ಸಿನಿಮಾರಿ. ನಾ ತಪ್ಪ ಹೇಳೀನಿ" ಎಂದು ದ್ರೌಪತಿ ತುಳಜಾಬಾಯಿಯ ಕಾಲು ಹಿಡಿದರು.

"ಅವತ್ತು ಹೌದಂದಿ, ಇವತ್ತು ಅಲ್ಲಂತಿ. ಯಾವ ಮಾತು ನಂಬಲಿ? ಮನ್ಯಾಗ ಕೂಸು ಅದ" ಎಂದರು ತುಳಜಾಬಾಯಿ. ಅವರ ಕಣ್ಣಲ್ಲೂ ನೀರಿತ್ತಂತೆ. "ಅಂಥಾಕಿ ಯಾರ್ನೂ ಕೊಲ್ಲದ ಸಿನಿಮಾ ಒಂದು ತೋರ್ಸು. ಚಿಲಕಾ ಹಾಕೋದು ಬಿಡ್ತೀನಿ."

ಅಂದಿನಿಂದ ಪ್ರತಿ ಶುಕ್ರವಾರ ಬಸವಕಲ್ಯಾಣದ ಬಸ್ಸಿನಿಂದ ರೀಲಿನ ಡಬ್ಬಿ ಇಳಿಯುತ್ತಲೇ ದ್ರೌಪತಿ ಆಪರೇಟರ್ ಅಲ್ಲಾಬಕ್ಷರ ಬೆನ್ನು ಹತ್ತುತ್ತಾರೆ. ಒಬ್ಬರೊಳಗೆ ಇಬ್ಬರಿರುವ ಕಥೆಯೇ, ಹೌದಾದರೆ ಕೊಲೆ ಮಾಡಿದ್ದು ಯಾರು? ಒಂಬತ್ತು ತಿಂಗಳಲ್ಲಿ ಅಂಥವು ಮೂರು ಬಂದವು. ಒಂದರಲ್ಲಿ ಗುಮಾಸ್ತ, ಒಂದರಲ್ಲಿ ಹಾಡುಗಾತಿ, ಒಂದರಲ್ಲಿ ಸ್ವತಃ ಡಾಕ್ಟರೇ. ಮೂರರಲ್ಲೂ ಒಳಗಿನ ಇನ್ನೊಬ್ಬರೇ ಕೊಲೆಗಾರರು. ಇದನ್ನು ಬರೆದವರು ಒಬ್ಬ ರೋಗಿಯನ್ನಾದರೂ ಮಾತನಾಡಿಸಿದ್ದಾರೆಯೇ ಎಂದು ನನಗೆ ಸಿಟ್ಟು ಬರುತ್ತದೆ. ದ್ರೌಪತಿಗೆ ಸಿಟ್ಟಿಲ್ಲ, ಗೊಂದಲ. "ದೇವಿನೋ ಜಡ್ಡೋ ನನಗ ತಿಳೀವಲ್ದು. ಆದ್ರ ಇಷ್ಟು ಮಂದ್ಯಾಗ ಒಬ್ಬಾಕಿನೂ ಸುಮ್ನ ಇರಂಗಿಲ್ಲಾ ಹ್ಯಾಂಗ್ರಿ?"

ಸಂಬಳ ಹೆಚ್ಚಬೇಕೇ, ಕೂರಲು ಕುರ್ಚಿ ಬೇಕೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಖಾಲಿ ಕೊಡವನ್ನು ಬೋರಲು ಹಾಕಿ ಅದರ ಪಕ್ಕದಲ್ಲೇ ಕೂರುತ್ತಾರೆ.

"ಒಬ್ಬಾಕಿ ಒಳಗ ಇಬ್ರಿರ್ಲಿ, ಮೂವರಿರ್ಲಿ. ಕಡೀ ರೀಲಿನ್ಯಾಗ ಆಕಿ ರೊಟ್ಟಿ ಬಡದು, ಕೂಸಿಗೆ ಉಣಿಸಿ, ಮಗ್ಗಲಾಗ ಹಾಕ್ಕೊಂಡು ಮಲಗಬೇಕು. ಅಂಥಾದೊಂದು ಬರ್ಲಿ ಸಾಕು. ತುಳಜಾಬಾಯೇರ್ನ ಮುಂದ ಕುಂದ್ರಿಸಿ ಒಂದು ಮಾತೂ ತಪ್ಪದಂಗ ಹೇಳ್ತೀನಿ." ಹೊರಗೆ ಬೆಳಕು ಹರಿದಿರುವುದನ್ನು ನೋಡಿ ದನಿ ತಗ್ಗಿಸುತ್ತಾರೆ. "ಇವತ್ತು ಮಂಗಳವಾರ ಅದರಿ. ಇಷ್ಟೊತ್ತಿಗೆ ಚಿಲಕಾ ಹಾಕಿರ್ತಾರ."