ಬಣ್ಣ ಹಾಕದ ಟ್ಯೂಬು

ಕತ್ತಲಕೋಣೆ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಪ್ರಯೋಗಾಲಯದವರೆಲ್ಲ ಹೇಳುತ್ತಾರೆ. ಇರದೆ ಏನು? ಕಿಟಕಿಗೆ ಕಪ್ಪು ಬಟ್ಟೆ ಹೊದಿಸಿದ ಕೋಣೆಯಲ್ಲಿ, ಒಂದೇ ಯಂತ್ರದ ಮುಂದೆ, ಒಂದು ಕಾಲು ಕುಂಟುವ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷ ಕೂತು ಬೇರೆಯವರ ಅವಸರಕ್ಕೆ ಅಳತೆ ತೆಗೆದುಕೊಟ್ಟವಳು ನಗುನಗುತ್ತಾ ಇರಬೇಕೆಂದರೆ ಹೇಗಾದೀತು.

ಅವಳ ಕೆಲಸಕ್ಕೆ ಹೆಸರು ಉದ್ದ, ವಿಷಯ ಸುಲಭ. ಔಷಧಿಯಾಗಬಹುದಾದ ಒಂದು ಪುಟ್ಟ ಅಣುವಿಗೆ ಹೊಳೆಯುವ ಬಣ್ಣ ಕಟ್ಟಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅದರ ಮೇಲೆ ಬಿಡುತ್ತಾರೆ. ಅಣು ಒಂಟಿಯಾಗಿದ್ದರೆ, ಕೈಬಿಟ್ಟ ಮಗುವಿನ ಹಾಗೆ ಗಿರಗಿರ ತಿರುಗಿ, ಮರಳಿ ಹೊಳೆಯುವಷ್ಟರಲ್ಲಿ ದಿಕ್ಕು ಮರೆತಿರುತ್ತದೆ. ದೊಡ್ಡ ಪ್ರೋಟೀನಿಗೆ ಅಂಟಿಕೊಂಡರೆ ಅಮ್ಮನ ಸೊಂಟವೇರಿದ ಮಗು. ಬೇಗ ತಿರುಗಲಾಗದು, ದಿಕ್ಕು ಉಳಿಯುತ್ತದೆ. ಎಷ್ಟು ಉಳಿಯಿತು ಎಂಬುದಕ್ಕೆ ಯಂತ್ರ ಒಂದು ಸಂಖ್ಯೆ ಕೊಡುತ್ತದೆ. ಸಂಖ್ಯೆ ಏರಿದರೆ ಅಂಟಿತು ಎಂದರ್ಥ. ಅಳತೆ ತೆಗೆದವರು ಹಾಳೆಯ ಕೆಳಗೆ ಸಹಿ ಹಾಕುವುದು ಅಲ್ಲಿನ ಪದ್ಧತಿ.

ಈ ಸಲದ ಪ್ರೋಟೀನು ಅವಳಿಗೆ ಹೊರಗಿನದಾಗಿರಲಿಲ್ಲ. ಮಿದುಳಿನಲ್ಲಿ ಅದು ಗಂಟುಕಟ್ಟಿದರೆ ಕೈ ನಡುಗುತ್ತದೆ, ಅವಳ ತಮ್ಮನ ಕೈ ನಾಲ್ಕು ವರ್ಷದಿಂದ ನಡುಗುತ್ತಿತ್ತು. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ಅವನು. ಸ್ಕೇಲು ಮುಟ್ಟದೆ ಗೆರೆ ಎಳೆದ ಕೈಯಲ್ಲಿ ಈಗ ಲೋಟ ಹಿಡಿದರೆ ಅರ್ಧ ನೀರು ಅಂಗಿಯ ಮೇಲೆ. ಹೊಸ ಅಣುವಿಗೆ ಪ್ರೋಟೀನು ಸೇರಿಸುತ್ತಾ ಹೋದಂತೆ ಸಂಖ್ಯೆ ಏರುತ್ತಾ ಹೋದ ದಿನ, ಅವಳು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ "ಅಂಟ್ತು ಕಣೋ" ಎಂದಳು. ತಮ್ಮ ಅಟ್ಟದಿಂದ ಡಬ್ಬಿ ಇಳಿಸಿ, ಗಟ್ಟಿಯಾಗಿದ್ದ ಬ್ರಷ್‌ಗಳನ್ನೆಲ್ಲ ಟರ್ಪೆಂಟೈನಿನಲ್ಲಿ ನೆನೆಹಾಕಿದ.

ಹದಿನೈದು ದಿನದ ಮೇಲೆ ಒಗೆಯಲೆಂದು ಕಪ್ಪು ಬಟ್ಟೆ ಬಿಚ್ಚಿದಾಗ ಕೋಣೆಗೆ ಬಿಸಿಲು ಬಿತ್ತು. ಮಿಕ್ಕಿದ್ದ ಪ್ರೋಟೀನಿನ ಟ್ಯೂಬನ್ನು ಅವಳು ಸುಮ್ಮನೆ ಎತ್ತಿ ಹಿಡಿದಳು. ತಿಳಿಯಾಗಿರಬೇಕಾದದ್ದು ಹಾಲಿನ ಪಾತ್ರೆ ತೊಳೆದ ನೀರಿನಂತೆ ಮಬ್ಬಾಗಿತ್ತು. ಬಟ್ಟೆ ಮತ್ತೆ ಕಟ್ಟಿ, ಬಣ್ಣದ ಅಣುವನ್ನು ಹಾಕದೆ ಬರೀ ಪ್ರೋಟೀನನ್ನೇ ಯಂತ್ರದಲ್ಲಿಟ್ಟಳು. ಹೊಳೆಯುವಂಥದ್ದು ಅದರಲ್ಲಿ ಏನೂ ಇಲ್ಲ, ಆದರೂ ಯಂತ್ರಕ್ಕೆ ಬೆಳಕು ಕಂಡಿತು. ಟ್ಯೂಬಿನೊಳಗೇ ಗಂಟುಕಟ್ಟಿದ್ದ ಪ್ರೋಟೀನು ದೀಪದ ಬೆಳಕನ್ನೇ ದಿಕ್ಕು ಕೆಡಿಸದೆ ಚೆಲ್ಲುತ್ತಿತ್ತು. ಯಂತ್ರ ಪಾಪ ಅದನ್ನೇ ಅಂಟಿದ ಅಣು ಎಂದು ನಂಬಿತ್ತು. ಟ್ಯೂಬನ್ನು ವೇಗವಾಗಿ ತಿರುಗಿಸಿ ಗಂಟನ್ನೆಲ್ಲ ತಳಕ್ಕಿಳಿಸಿ, ಮೇಲಿನ ತಿಳಿಯನ್ನು ತೆಗೆದು ಬಣ್ಣದ ಅಣುವಿನೊಂದಿಗೆ ಮತ್ತೆ ಅಳೆದಳು. ಎಷ್ಟು ಸೇರಿಸಿದರೂ ಸಂಖ್ಯೆ ಏರಲಿಲ್ಲ, ಅಣು ಅಂಟಿರಲೇ ಇಲ್ಲ.

ಬಣ್ಣ ಹಾಕದ ಟ್ಯೂಬನ್ನು ಮೊದಲು ಅಳೆಯಬೇಕೆಂಬುದು ಅವಳು ಎಲ್ಲರಿಗೂ ಬೈದು ಬೈದು ಕಲಿಸಿದ ಪಾಠ. ಆ ಮೊದಲ ಅಳತೆಯ ದಿನ ಮಾತ್ರ ವಿಭಾಗದ ಮುಖ್ಯಸ್ಥರು, ಹಿಂದಿನಿಂದ ಎಲ್ಲರೂ ಅರ್ಜೆಂಟ್ ಸಾಹೇಬರು ಎನ್ನುವವರು, ತುದಿಗಾಲಲ್ಲಿ ನಿಂತು "ಅದೆಲ್ಲ ಆಮೇಲೆ ನೋಡೋಣ" ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಆ ತಲೆಯಾಡಿಸಿದ್ದು ನೆನಪಾಗಿ ಅವಳಿಗೆ ಮೈಯೆಲ್ಲ ಉರಿಯಿತು. ಸಾಹೇಬರ ಮೇಲಿನ ಕೋಪ ಒಂದು ಪಾಲಾದರೆ ತನ್ನ ಮೇಲಿನದು ಮೂರು ಪಾಲು.

ಸಾಹೇಬರು ಹೊಸ ಅಳತೆಯ ಹಾಳೆ ನೋಡಿ ಕನ್ನಡಕ ತೆಗೆದರು. "ಮುಂದಿನ ವಾರ ಸಮ್ಮೇಳನದಲ್ಲಿ ಅಂಟಿತು ಅಂತ ಹೇಳ್ಬೇಕು. ಹೇಳಿ ಬಂದ್ಮೇಲೆ ಸರಿ ಮಾಡಿದ್ರಾಯ್ತಲ್ಲ."

"ಸಹಿ ನನ್ನದು ಸಾರ್."

"ಯಾರ್ರೀ ಆ ಸಹಿ ನೋಡ್ತಾರೆ?"

"ನಾನು ನೋಡ್ತೀನಲ್ಲ. ದಿನಾ ಬೆಳಿಗ್ಗೆ ಮನೇಲಿ ಒಬ್ಬನ ಕೈ ನೋಡ್ಕೊಂಡೇ ಬರ್ತೀನಿ." ಮೇಜಿನ ಮೇಲಿದ್ದ ಹಳೆಯ ಹಾಳೆಯನ್ನು ಎಳೆದುಕೊಂಡು, ಅವರ ಕೆಂಪು ಪೆನ್ನಿನಿಂದಲೇ ಅಡ್ಡಗೆರೆ ಹೊಡೆದು, 'ಇದು ತಪ್ಪು, ಬಣ್ಣ ಹಾಕದ ಟ್ಯೂಬು ಅಳೆದಿರಲಿಲ್ಲ' ಎಂದು ಬರೆದು ತಾರೀಖು ಹಾಕಿದಳು. ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಮುಂದಿನ ವಾರ ಅವರು ಸಮ್ಮೇಳನಕ್ಕೆ ಬೇರೆ ವಿಷಯ ಹಿಡಿದು ಹೋದರು.

ಮನೆಯಲ್ಲಿ ಹೇಳುವುದು ಅಷ್ಟು ಸುಲಭವಾಗಲಿಲ್ಲ. ತಮ್ಮ ಕೇಳಿಸಿಕೊಂಡು, "ಹಾಗಾದ್ರೆ ಅವತ್ತು ಯಾಕೆ ಓಡಿ ಬಂದು ಹೇಳ್ದೆ?" ಎಂದ.

"ನನ್ನ ತಪ್ಪು ಕಣೋ. ಬಣ್ಣ ಹಾಕದ ಟ್ಯೂಬು ಮೊದಲು ಅಳೀಲಿಲ್ಲ."

"ಊರಿಗೆಲ್ಲ ಬುದ್ಧಿ ಹೇಳ್ತೀಯ." ಅವನು ಬ್ರಷ್ ಡಬ್ಬಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದ. ಮೂರು ದಿನ ಅಕ್ಕನೊಡನೆ ಮಾತು ಬಿಟ್ಟ. ಅವಳೂ ಸಮಾಧಾನ ಮಾಡಲು ಹೋಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವಳ ಚೀಲದ ಪಕ್ಕದಲ್ಲಿ ಒಂದು ತಗಡು ಇತ್ತು. ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರ: 'ಬಣ್ಣ ಹಾಕದ ಟ್ಯೂಬು ಮೊದಲು.' ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿ, ಅಂಚೆಲ್ಲ ಅದುರಿದ್ದವು. ಅವಳು ಅದನ್ನು ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದು ಹಾಕಿದಳು.

ಸಾಹೇಬರು ಬಾಗಿಲಲ್ಲಿ ನಿಂತು ನೋಡಿದರು. "ಏನ್ರೀ ಇದು, ಅಕ್ಷರ ಎಲ್ಲ ಸೊಟ್ಟ. ತೆಗೀರಿ, ಚೆನ್ನಾಗಿ ಪ್ರಿಂಟ್ ಹಾಕಿಸೋಣ."

"ಮುಟ್ಟಬೇಡಿ ಸಾರ್," ಎಂದಳು ಅವಳು, ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು. "ನಿಜವಾಗ್ಲೂ ಅಂಟೋ ಔಷಧಿ ಸಿಕ್ಕಿದ ದಿನ ಇದನ್ನ ಬರೆದ ನನ್ನ ತಮ್ಮನೇ ಬಂದು ನೆಟ್ಟಗೆ ಬರೀತಾನೆ. ಅಲ್ಲೀವರೆಗೂ ನೀವೂ ನಾನೂ ಇದನ್ನೇ ಓದ್ಬೇಕು."